ಕೋಮಲಳ ಬಾಣ

ಹನ್ನೊಂದರ ಕಾರ್ಯ ಮುಗಿದು, ಬಾಡಿಗೆ ಪಾತ್ರೆಗಳು ವಾಪಸು ಹೋಗಿ, ಹನೂರಿನಿಂದ ಬಂದಿದ್ದ ತವರಿನವರೂ ಬಸ್ಸು ಹತ್ತಿದ ಮರುದಿನ ಬೆಳಿಗ್ಗೆ ಹಾಲಿನವನು ಕೇಳದೆಯೇ ಕಾಲು ಲೀಟರು ಕಡಿಮೆ ಅಳೆದ. ಆಶಾರಾಣಿ ಪಾತ್ರೆ ಹಿಡಿದು ನಿಂತಿದ್ದಳು. ಅವನು ಅವಳ ಮುಖ ನೋಡಲಿಲ್ಲ. ಅವಳು ಒಳಗೆ ಬಂದು ಹಾಲು ಕಾಯಿಸಿದಳು.

ಸ್ನಾನ ಮಾಡಿ, ಮೊಳೆಗೆ ನೇತುಹಾಕಿದ್ದ ಅಂಗಡಿಯ ಬೀಗದ ಕೈ ತೆಗೆದುಕೊಂಡಾಗ ಜಗಲಿಯಲ್ಲಿ ಕುಳಿತಿದ್ದ ಅತ್ತೆ ಗುರುಬಸಮ್ಮ ತಲೆ ಎತ್ತಿದರು.

"ಎಲ್ಗೆ ಕೂಸೇ?"

"ಅಂಗಡಿ ತೆಗೀಬೇಕು ಅತ್ತೆ."

"ತಿಂಗ್ಳು ತುಂಬೋಗಂಟ ವಸ್ತ್ಲು ದಾಟ್ಬ್ಯಾಡ ಅಂತ ಯೋಳ್ನಿಲ್ವಾ? ಊರೋರು ಏನಂದಾರು?"

"ಅನ್ನೋದನ್ನೆಲ್ಲ ಅಂದಾಯ್ತಲ್ಲ."

"ನೀ ಒಂದಪ ಬಾಯ್ಬುಟ್ಟು ಅತ್ಬುಟ್ಟಿದ್ರೆ ಯಾರೂ ಏನೂ ಅಂತಿರ್ನಿಲ್ಲ ಕಣವ್ವ" ಎಂದರು ಗುರುಬಸಮ್ಮ. ಅದರಲ್ಲಿ ಸಿಟ್ಟಿರಲಿಲ್ಲ. ಅವರಿಗೂ ಅದು ಅರ್ಥವಾಗಿರಲಿಲ್ಲ, ಅಷ್ಟೇ.

ಆಶಾರಾಣಿ ಅತ್ತಿರಲಿಲ್ಲ. ಗಂಡ ಶಿವರಾಜುವಿನ ಹೆಣ ಮನೆಗೆ ಬಂದಾಗಲೂ ಇಲ್ಲ, ಮಣ್ಣು ಹಾಕುವಾಗಲೂ ಇಲ್ಲ. ಕಲ್ಲಿನ ಹಾಗೆ ಕುಳಿತಿದ್ದಳು. ಆದರೆ ಗುಂಪಿನ ಅಂಚಿನಲ್ಲಿ, ದಪ್ಪ ಕನ್ನಡಕದ ಹುಡುಗಿಯೊಬ್ಬಳು ಸೆರಗನ್ನು ಬಾಯಿಗೆ ತುರುಕಿಕೊಂಡು ಬಿಕ್ಕಿದ್ದನ್ನು ಎಲ್ಲರೂ ನೋಡಿದ್ದರು. ಯಾರು ಅಂತ ಪಿಸುಗುಟ್ಟಿದ್ದರು. ಯಳಂದೂರಿನವಳಂತೆ, ನೇಯುವವರಿಗೆ ಸೀರೆ ಅಂಚಿನ ಚಿತ್ತಾರದ ಗ್ರಾಫ್ ಬರೆಯುವವಳಂತೆ, ಶಿವರಾಜುವಿನ ಅಂಗಡಿಗೆ ಬರುತ್ತಿದ್ದಳಂತೆ, ಕೋಮಲ ಅಂತೆ. ಅಂತೆಗಳೆಲ್ಲ ಹೆಂಡತಿಯ ಕಿವಿಗೆ ಬೀಳುವಷ್ಟು ಗಟ್ಟಿಯಾಗಿಯೇ ಇದ್ದವು. ಶಿವರಾಜು ಬೈಕಿನಿಂದ ಬಿದ್ದದ್ದು ಮಾಂಬಳ್ಳಿಯ ಆಚೆಗಿನ ತಿರುವಿನಲ್ಲಿ, ಯಳಂದೂರಿನಿಂದ ಬರುವಾಗ, ಭಾನುವಾರ. ಮನೆ ಬಿಡುವಾಗ ಅವನು ಹೇಳಿದ್ದು "ಇಲ್ಲೇ ಹೋಗಿ ಬತ್ತೀನಿ" ಎಂದಷ್ಟೇ.

ಆ 'ಇಲ್ಲೇ' ಎಂಬುದು ಯಳಂದೂರು ಯಾಕಾಗಿತ್ತು? ಹನ್ನೊಂದು ದಿನವೂ ಅವಳ ತಲೆಯಲ್ಲಿದ್ದದ್ದು ಇದೊಂದೇ. ಸಾವು ಇನ್ನೂ ಒಳಗೆ ಇಳಿದಿರಲಿಲ್ಲ. ಹೊಟ್ಟೆಕಿಚ್ಚು ಮಾತ್ರ ಮೊದಲ ದಿನವೇ ಇಳಿದು ಕುಳಿತಿತ್ತು.

ಅಂಗಡಿ ಇದ್ದುದು ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಮಂಟೇಸ್ವಾಮಿಯ ಟೈಲರಿಂಗ್ ಅಂಗಡಿಗೆ ಅಂಟಿಕೊಂಡು. ಒಂದು ಕಂಪ್ಯೂಟರು, ಒಂದು ಪ್ರಿಂಟರು. ಮದುವೆ ಕರೆಯೋಲೆ, ಅರ್ಜಿ, ಶಾಲೆಯ ಪ್ರಶ್ನೆಪತ್ರಿಕೆ, ಹೀಗೆ ಬಂದದ್ದನ್ನು ಶಿವರಾಜು ಮಾಡಿಕೊಡುತ್ತಿದ್ದ. ಮೈಸೂರಿನ ಗೆಳೆಯನೊಬ್ಬ ಕೊಟ್ಟ ಸಿ.ಡಿ.ಯಿಂದ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಂಡಿದ್ದ. "ಪುಗಸಟ್ಟೆ ಕಣೇ, ಆದ್ರೆ ಕದ್ದದ್ದಲ್ಲ" ಎಂದು ಹೆಮ್ಮೆಪಡುತ್ತಿದ್ದ. ಅವಳು ಅಲ್ಲಿಗೆ ಕೊನೆಯದಾಗಿ ಬಂದದ್ದು ಹೋದ ವರ್ಷದ ಆಯುಧಪೂಜೆಗೆ.

ಷಟರ್ ಎತ್ತಿದ ಸದ್ದಿಗೆ ಮಂಟೇಸ್ವಾಮಿ ಅಳತೆ ಟೇಪನ್ನು ಕೊರಳಲ್ಲೇ ಬಿಟ್ಟುಕೊಂಡು ಬಂದ.

"ತಗುದ್ರಾ ಅವ್ವಾ? ಒಳ್ಳೇದಾಯ್ತು. ಮುಚ್ಚಿದ್ ಅಂಗ್ಡಿ ಪಕ್ಕ ಕುಂತ್ಕಂಡು ನನ್ ಗಿರಾಕೀನೂ ದಾರಿ ಮರ್ತೋಗಿದ್ರು."

"ಯಳಂದೂರಿನ ಹುಡುಗಿ ಬಂದಿದ್ಲಾ?" ಎಂದು ಕೇಳಿದಳು ಆಶಾರಾಣಿ. ಬೇರೇನೋ ಕೇಳಬೇಕೆಂದಿದ್ದವಳ ಬಾಯಿಂದ ಅದೇ ಮೊದಲು ಬಂತು.

"ಎರಡು ಸಲ ಬಂದು ಬಾಗ್ಲು ಮುಟ್ನೋಡ್ಕಂಡು ಓಯ್ತು. ಮಂಗ್ಳಾರ ಸುಕ್ರಾರ ತಪ್ಪುಸ್ತಿರ್ನಿಲ್ಲವ್ವ. ಅದ್ಕೆ ಅಂತ ಶಿವರಾಜು ಕುರ್ಚಿನೇ ಬ್ಯಾರೆ ಮಡಗಿದ್ದ." ಹೇಳಿದ ಮೇಲೆ ಅವನಿಗೆ ಹೇಳಬಾರದಿತ್ತು ಅನ್ನಿಸಿರಬೇಕು. "ಕಣ್ಣು ಮಂದ, ಪಾಪ" ಎಂದು ಸೇರಿಸಿ ಹೊಲಿಗೆ ಯಂತ್ರಕ್ಕೆ ಹಿಂದಿರುಗಿದ.

ಕುರ್ಚಿ ಅಲ್ಲೇ ಇತ್ತು. ಕಾಲು ಕೊಯ್ದು ಗಿಡ್ಡ ಮಾಡಿಸಿದ ಮರದ ಕುರ್ಚಿ, ಮುಖ ತೆರೆಗೆ ನೇರ ಬರುವಂತೆ. ಅದರ ಮುಂದಿನ ಗೋಡೆಗೆ ಒಂದು ಹಾಳೆ ಅಂಟಿಸಿತ್ತು. ಕಪ್ಪು ಸ್ಕೆಚ್ ಪೆನ್ನಿನಲ್ಲಿ, ಅಂಗುಲ ಎತ್ತರದ ಅಕ್ಷರಗಳಲ್ಲಿ, ಶಿವರಾಜುವಿನ ಕೈಬರಹ: 'ಬಾಣ ದೊಡ್ಡದಾದರೂ ಕೆಲಸ ಮಾಡುವುದು ಅದರ ತುದಿ ಮಾತ್ರ. ನಿಧಾನ. ಅವಸರ ಬೇಡ.'

ಮೂರು ವರ್ಷದ ಸಂಸಾರದಲ್ಲಿ ಅವನು ಅವಳಿಗೆ ಬರೆದದ್ದೆಲ್ಲ ಚೀಟಿಗಳು. 'ಸಂಜೆ ತಡ.' 'ಗ್ಯಾಸ್ ಬುಕ್ ಮಾಡು.' ಇರುವೆ ಸಾಲಿನಂಥ ಅಕ್ಷರದಲ್ಲಿ.

ಕಂಪ್ಯೂಟರ್ ಹಾಕಿದಳು. ತೆರೆಯ ಮೇಲೆ ಎರಡು ಹೆಸರು ಬಂದವು. ಶಿವು. ಕೋಮಲ. ಶಿವುವಿನ ಹೆಸರು ಒತ್ತಿದರೆ ಗುಟ್ಟಿನ ಪದ ಕೇಳಿತು. ತನ್ನ ಹೆಸರು ಹಾಕಿ ನೋಡಿದಳು. ಮದುವೆಯ ತಾರೀಖು ಹಾಕಿ ನೋಡಿದಳು. ಎರಡೂ ಅಲ್ಲ. ಕೋಮಲಳ ಹೆಸರು ಒತ್ತಿದರೆ ಏನೂ ಕೇಳದೆ ಬಾಗಿಲು ತೆರೆದುಕೊಂಡಿತು. ಗಂಡನ ಕಂಪ್ಯೂಟರಿನ ಒಳಗೆ ಹೋಗಬೇಕಾದರೆ ಆಶಾರಾಣಿ ಕೋಮಲಳಾಗಿ ಹೋಗಬೇಕಿತ್ತು.

ಒಳಗೆ ಬಾಣ ಬಂತು. ಹೆಬ್ಬೆರಳಿನಷ್ಟು ದೊಡ್ಡದು, ಕಾಡಿಗೆಯಂತೆ ಕಪ್ಪು. ಮೌಸನ್ನು ಒಂದಿಷ್ಟು ಅಲ್ಲಾಡಿಸಿದರೆ ತೆರೆಯ ತುಂಬ ಅದೇ ಓಡಾಡುತ್ತಿತ್ತು.

ಆಯುಧಪೂಜೆಯ ದಿನ ಇದೇ ಮೇಜಿನ ಮುಂದೆ ನಡೆದದ್ದು ಅವಳಿಗೆ ನೆನಪಾಯಿತು. "ಬಾಣ ಎಲ್ಲಿ ಹೋಯ್ತು? ಕಾಣ್ತಾನೇ ಇಲ್ಲ" ಎಂದಿದ್ದಳು. ಅವನು ನಕ್ಕಿದ್ದ. "ಮಾನಸಗಂಗೋತ್ರೀಲಿ ಎಂ.ಎ. ಮಾಡಿದೋಳಿಗೆ ಒಂದು ಬಾಣ ಕಾಣಲ್ವಾ?" ಎಂದು ಮೌಸನ್ನು ಅವಳ ಕೈಯಿಂದ ತೆಗೆದುಕೊಂಡಿದ್ದ. ದೊಡ್ಡದು ಮಾಡಬಹುದು ಎಂಬ ಮಾತು ಅವನ ಬಾಯಲ್ಲಿ ಬಂದಿರಲಿಲ್ಲ. ಅವಳೂ ಮತ್ತೆ ಆ ಕುರ್ಚಿಯಲ್ಲಿ ಕುಳಿತಿರಲಿಲ್ಲ.

ಎಲ್ಲಿ ದೊಡ್ಡದು ಮಾಡಿದ್ದಾನೆ ಎಂದು ಹುಡುಕಲು ಅವಳಿಗೆ ಅರ್ಧ ಗಂಟೆ ಹಿಡಿಯಿತು. ಕಂಟ್ರೋಲ್ ಸೆಂಟರ್ ಎಂಬಲ್ಲಿ ಹೊಕ್ಕು, ಬೇಡದ ನಾಲ್ಕು ಕಡೆ ಸುತ್ತಿ, ಕೊನೆಗೆ ಮೌಸಿನ ಚಿತ್ರವಿದ್ದಲ್ಲಿ ಸಿಕ್ಕಿತು. ಬಾಣದ ನಾಲ್ಕು ಬಗೆ: ಚಿಕ್ಕ ಕಪ್ಪು, ಚಿಕ್ಕ ಬಿಳಿ, ದೊಡ್ಡ ಕಪ್ಪು, ದೊಡ್ಡ ಬಿಳಿ. ಅವಳು ಚಿಕ್ಕ ಬಿಳಿಯನ್ನು ಆರಿಸಿ ಒತ್ತಿದಳು. ಇಂಗ್ಲಿಷಿನ ಒಂದು ಸಾಲು ಚೌಕಟ್ಟಿನಲ್ಲಿ ಬಂದು ನಿಂತಿತು. ಎಂ.ಎ. ಓದಿದವಳು ಅದನ್ನು ಓದದೆ ಓಕೆ ಒತ್ತಿದಳು. ಬಾಣ ಹಾಗೆಯೇ ಇತ್ತು. ಮತ್ತೆ ಮಾಡಿದಳು, ಮತ್ತೆ ಓಕೆ. ನಾಲ್ಕು ಸಲ, ಐದು ಸಲ. ದಪ್ಪ ಕಪ್ಪು ಬಾಣ ಅವಳನ್ನೇ ನೋಡುತ್ತ ನಿಂತಿತ್ತು.

"ನೀನೂ ಅವಳ ಕಡೆಯೇ" ಎಂದು ಅವಳು ಯಂತ್ರಕ್ಕೆ ಹೇಳಿದಳು. ಸಂಜೆ ಅದನ್ನು ಆರಿಸಿ ಮನೆಗೆ ಹೋದಳು.

ಮರುದಿನ ಶುಕ್ರವಾರ. ಹತ್ತೂವರೆಯ ಹೊತ್ತಿಗೆ ಹೊಸ್ತಿಲನ್ನು ಚಪ್ಪಲಿಯ ತುದಿಯಿಂದ ತಡವಿ ಕೋಮಲ ಒಳಗೆ ಬಂದಳು. ಇಪ್ಪತ್ತಾರೋ ಇಪ್ಪತ್ತೇಳೋ ಇರಬಹುದು. ಕನ್ನಡಕದ ಹಿಂದೆ ಕಣ್ಣು ಸಣ್ಣದಾಗಿ ಕಾಣುತ್ತಿತ್ತು. ಅದನ್ನು ಬಿಟ್ಟರೆ ಚೆನ್ನಾಗಿದ್ದಳು. ಚೆನ್ನಾಗಿಲ್ಲದಿದ್ದರೆ ಆಶಾರಾಣಿಗೆ ಸುಲಭವಾಗುತ್ತಿತ್ತು.

"ಅಕ್ಕಾ, ನಾನು ಕೋಮಲ."

"ಗೊತ್ತು."

"ಏನ್ ಕೇಳ್ಬೇಕು, ಏನ್ ಬುಡ್ಬೇಕು ತಿಳೀದು ಅಕ್ಕಾ. ಉಂಡ್ರಾ ಅಂತ ಕೇಳೋದೂ ತಪ್ಪು, ಸುಮ್ನಿರೋದೂ ತಪ್ಪು."

"ಏನಾಗ್ಬೇಕಿತ್ತು?"

ಕೋಮಲ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ನಮ್ಮಪ್ಪನ ಗ್ರಾಫು. ಶಿವಣ್ಣ ಇಸ್ಕಂಡಿದ್ರು. ರುದ್ರಾಕ್ಷಿ ಅಂಚಿಂದು, ಅಪ್ಪ ಕೈಯಲ್ಲೇ ಬರ್ದಿರೋದು. ಚೌಕದ ಮನೆ ಬಲೇ ಸಣ್ಣ, ನನ್ ಕಣ್ಗೆ ಅತ್ತೋದಿಲ್ಲ. ಮೈಸೂರ್ಗೆ ಒಯ್ದು ಸ್ಕ್ಯಾನ್ ಮಾಡುಸ್ಕಂಡು ಬತ್ತೀನಿ, ಆಮೇಲೆ ಇದ್ರಲ್ಲೇ ಎಷ್ಟು ಬೇಕೋ ಅಷ್ಟು ದೊಡ್ದಾಗಿ ನೋಡ್ಬೋದು ಅಂದಿದ್ರು."

"ಯಾವತ್ತು ತಗೊಂಡಿದ್ದು?"

"ಅದೇ... ಭಾನ್ವಾರ."

ಆಸ್ಪತ್ರೆಯವರು ಕೊಟ್ಟ ಚೀಲ ಆಶಾರಾಣಿಯ ಮಂಚದ ಕೆಳಗಿತ್ತು. ಅದರಲ್ಲಿ ಒಂದು ಸುರುಳಿ, ದಿನಪತ್ರಿಕೆಯಲ್ಲಿ ಸುತ್ತಿದ್ದು. ಬಿಚ್ಚಿ ನೋಡಿದ್ದಳು. ಹಳದಿಯಾದ ಹಾಳೆಗಳ ತುಂಬ ಪುಟ್ಟ ಪುಟ್ಟ ಚೌಕ, ಕೆಲವಕ್ಕೆ ಕೆಂಪು ಮಸಿ. ಅಂಗಡಿಯದೇನೋ ಎಂದು ಮತ್ತೆ ಸುತ್ತಿಟ್ಟಿದ್ದಳು. ಈಗ ಗೊತ್ತಾಯಿತು. ಗೊತ್ತಾಗಿ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಗ್ರಾಫಿಗಾಗಿ ಹೋಗಿದ್ದನೋ, ಹೋಗುವುದಕ್ಕೊಂದು ಗ್ರಾಫ್ ಸಿಕ್ಕಿತ್ತೋ?

"ನನಗೆ ಗೊತ್ತಿಲ್ಲ" ಎಂದಳು. "ಅಂಥದ್ದೇನೂ ಸಿಕ್ಕಲಿಲ್ಲ."

ಕೋಮಲಳ ಮುಖ ಬಿಳುಚಿತು. "ಅಪ್ಪನ ಕೈ ಅದೊಂದೇ ಅಕ್ಕಾ ಉಳ್ದಿದ್ದು. ಮಗ್ಗದೋರು ಆಷಾಢ ಕಳ್ಯೋದ್ರೊಳ್ಗೆ ಬೇಕು ಅಂದವ್ರೆ. ಅದು ಕೊಟ್ರೇ ಮುಂದಿನ ಕೆಲ್ಸಾನೂ ನಂಗೇ." ಗಿಡ್ಡ ಕುರ್ಚಿಯ ಕಡೆ ತಿರುಗಿ, "ಇನ್ನೊಂದ್ ಅಂಚು ಅರ್ಧ ಮಾಡಿವ್ನಿ, ಅದ್ನಾರ ನೋಡ್ಲಾ?" ಎಂದಳು.

ಬೇಡವೆನ್ನಲು ಆಶಾರಾಣಿಗೆ ಕಾರಣ ಸಿಗಲಿಲ್ಲ.

ಗಿಡ್ಡ ಕುರ್ಚಿಯಲ್ಲಿ ಕುಳಿತು ಕೋಮಲ ಕಂಪ್ಯೂಟರ್ ಹಾಕಿದಳು. ಕೀಲಿಗಳು ಅವಳ ಬೆರಳಿಗೆ ಬಾಯಿಪಾಠವಾಗಿದ್ದವು. ಹೆಸರು ಒತ್ತಿದಳು, ಒಳಗೆ ಹೋದಳು. ಮೌಸಿನ ಮೇಲೆ ಕೈಯಿಟ್ಟಳು. ಎಡಕ್ಕೆ ಸರಿಸಿದಳು. ಬಲಕ್ಕೆ ಸರಿಸಿದಳು. ಮುಖವನ್ನು ತೆರೆಗೆ ತಂದಳು, ಮೂಗು ಗಾಜಿಗೆ ತಾಗುವವರೆಗೆ.

ಅವಳ ಹಿಂದೆ ನಿಂತಿದ್ದ ಆಶಾರಾಣಿಗೆ ಬಾಣ ಕಾಣುತ್ತಿತ್ತು. ಅಕ್ಕಿನುಚ್ಚಿನಷ್ಟು ಬಿಳಿ ಬಾಣ, ತಿಳಿನೀಲಿ ತೆರೆಯ ಮೂಲೆಯಲ್ಲಿ. ನಿನ್ನೆ ಓದದೆ ಬಿಟ್ಟ ಸಾಲು ಏನಿದ್ದಿರಬಹುದೆಂದು ಆಗ ಹೊಳೆಯಿತು. ಆಚೆ ಹೋಗಿ ಮತ್ತೆ ಒಳಗೆ ಬಂದಾಗಲೇ ಅದು ಬದಲಾಗುವುದು. ಯಂತ್ರ ಕೋಮಲಳ ಕಡೆ ಇರಲಿಲ್ಲ. ಅದು ಆಶಾರಾಣಿಯ ಮಾತನ್ನೇ ಕೇಳಿತ್ತು, ಒಂದು ದಿನ ತಡವಾಗಿ.

ಕೋಮಲ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡಳು. ಮತ್ತೆ ಮೌಸ್ ಆಡಿಸಿದಳು.

"ಇಲ್ಲ" ಎಂದಳು ತನ್ನಷ್ಟಕ್ಕೆ. "ಓಗ್ಬುಡ್ತು."

"ಏನು?"

"ಕಣ್ಣು. ವರ್ಸ ಎರಡ್ ವರ್ಸ ಅಂದಿದ್ರು ಡಾಕ್ಟ್ರು. ಅತ್ತೂ ಅತ್ತೂ ಈ ಹನ್ನೆರಡು ದಿಸದಲ್ಲೇ ಕಳ್ಕಂಬುಟ್ಟೆ. ಅವ್ವ ಬೋದ್ಲು, ಅಳ್ಬ್ಯಾಡ ಕಣೇ ಕಣ್ಗೆ ಕೇಡು ಅಂತ. ಕೇಳ್ನಿಲ್ಲ." ಎದ್ದು ನಿಂತು ಗೋಡೆಗೆ ಕೈ ಕೊಟ್ಟಳು. "ಆ ಬಾಣ ಕಾಣೋಗಂಟ ಕೆಲ್ಸ ಮಾಡು ಅಂದಿದ್ರು ಶಿವಣ್ಣ. ಬತ್ತೀನಿ ಅಕ್ಕಾ. ಮಗ್ಗದೋರ್ಗೆ ಬ್ಯಾರೆಯೋರ್ನ ನೋಡ್ಕಳಿ ಅಂತ ಯೋಳ್ಬುಡ್ತೀನಿ."

ಅವಳು ಮೆಟ್ಟಿಲು ತಡವಿ ಇಳಿದು ಹೋದಳು. ಆಶಾರಾಣಿ ಬಾಯಿ ತೆರೆಯಲಿಲ್ಲ.

ಇದನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ: ಅವಳಿಗೆ ಹಿತವಾಯಿತು. ಹನ್ನೆರಡು ದಿನದಲ್ಲಿ ಮೊದಲ ಬಾರಿಗೆ ಮೈಯಲ್ಲಿ ಬಿಸುಪು ಆಡಿತು. ನೀನು ಅತ್ತುಬಿಟ್ಟೆ, ನಾನು ಅಳಲಿಲ್ಲ; ಈಗ ಅದರ ಫಲ ನೋಡು. ಆ ಮಾತು ಮನಸ್ಸಿನಲ್ಲಿ ಅಷ್ಟು ಸ್ಪಷ್ಟವಾಗಿ ಮೂಡಿದ್ದು ಕಂಡು ಅವಳೇ ಬೆಚ್ಚಿದಳು. ಪಕ್ಕದ ಹೊಲಿಗೆ ಯಂತ್ರ ಟರ್ ಎಂದು ಓಡಿ ನಿಂತಿತು. ಮಂಟೇಸ್ವಾಮಿಯ ತಲೆ ಬಾಗಿಲಲ್ಲಿ ಕಾಣಿಸಿತು.

"ಯಾಕವ್ವ, ಆ ಕೂಸು ಅಂಗೆ ಗ್ವಾಡೆ ತಡೀಕಂಡು ಓಯ್ತಾ ಅದೆ? ಬರೋವಾಗ ಸರ್ಯಾಗೇ ಬಂತಲ್ಲ?"

ಆಶಾರಾಣಿ ಚಪ್ಪಲಿ ಮೆಟ್ಟದೆ ಬೀದಿಗೆ ಇಳಿದಳು. ಮಣ್ಣು ಮಾಡಿ ಇನ್ನೂ ತಿಂಗಳಾಗದ ಮನೆಯ ಸೊಸೆ ಬರಿಗಾಲಲ್ಲಿ ಓಡುವುದನ್ನು ಜನ ನಿಂತು ನೋಡಿದರು. ಯಳಂದೂರಿನ ಬಸ್ಸು ನಿಲ್ಲುವ ಕಡೆ ಕೋಮಲ ಕಂಬ ಹಿಡಿದು ನಿಂತಿದ್ದಳು.

"ಬಾ" ಎಂದು ಅವಳ ಮಣಿಕಟ್ಟು ಹಿಡಿದಳು ಆಶಾರಾಣಿ. "ಒಂದು ಸಲ ಬಾ. ನಿನ್ನ ಕಣ್ಣಿಗೆ ಏನೂ ಆಗಿಲ್ಲ."

"ಸಮಾಧಾನಕ್ಕೆ ಯೋಳ್ಬ್ಯಾಡಿ ಅಕ್ಕಾ."

"ಸಮಾಧಾನ ಹೇಳೋ ಅಷ್ಟು ಒಳ್ಳೆಯವಳಲ್ಲ ನಾನು. ಬಾ."

ಅಂಗಡಿಯಲ್ಲಿ ಅವಳನ್ನು ಕೂರಿಸಿ, ತಾನು ಬಗ್ಗಿ ನಿಂತು ಮೌಸ್ ಹಿಡಿದಳು. ಕಂಟ್ರೋಲ್ ಸೆಂಟರ್, ಮೌಸಿನ ಚಿತ್ರ, ದೊಡ್ಡ ಕಪ್ಪು ಬಾಣ. ಇಂಗ್ಲಿಷಿನ ಸಾಲು ಬಂತು. ಈ ಸಲ ಓದಿದಳು. ಓಕೆ. ಆಚೆ ಬಂದಳು. ಎರಡು ಹೆಸರು ಕಾಣಿಸಿದವು. ಕೋಮಲ ಎಂಬುದನ್ನು ಒತ್ತಿದಳು. ತೆರೆ ಕಪ್ಪಾಗಿ, ಬೆಳಗಿ, ನಡುವೆ ಹೆಬ್ಬೆರಳಿನಷ್ಟು ಬಾಣ ಬಂದು ನಿಂತಿತು.

ಕೋಮಲ ಉಸಿರು ಬಿಟ್ಟ ಸದ್ದು ಕೇಳಿಸಿತು. ಮೌಸನ್ನು ತೆಗೆದುಕೊಂಡು ನಗುತ್ತ ಬಾಣವನ್ನು ಮೂಲೆಯಿಂದ ಮೂಲೆಗೆ ಓಡಿಸಿದಳು. ಆಮೇಲೆ ನಗು ನಿಂತಿತು.

"ಇದು ತಾನಾಗೇ ಚಿಕ್ಕದಾಗಾಕಿಲ್ಲ ಅಕ್ಕಾ."

"ಇಲ್ಲ. ನಾನೇ ಮಾಡಿದ್ದು. ನಿನ್ನೆ."

"ಯಾಕೆ?"

"ನಿನಗೆ ದೊಡ್ಡದು ಮಾಡಿಕೊಟ್ಟಿದ್ದ ಅಂತ."

ಕೋಮಲ ಮೌಸ್ ಬಿಟ್ಟಳು. "ನಾನು ಕುಲ್ಡಿ ಆದೆ ಅಂತ ಎದ್ದು ಓದ್ನಲ್ಲ, ಆಗ ನೀವು ಇಲ್ಲೇ ನಿಂತಿದ್ರಿ" ಎಂದಳು. "ಓದ್ದೋರು ನೀವು. ನಮ್ಮ ಬೀದಿ ನಲ್ಲಿ ಜಗಳದಲ್ಲೂ ಇಂಗ್ ಮಾಡಾಕಿಲ್ಲ ಅಕ್ಕಾ, ಕೊಡ ಎತ್ತಿ ಹೊಡೀತಾರೆ ಅಷ್ಟೇಯ."

"ಹೊಡಿ ಬೇಕಾದ್ರೆ."

"ಕೊಡ ಇಲ್ವಲ್ಲ."

ಇಬ್ಬರೂ ನಗಲಿಲ್ಲ. ಆದರೆ ಕೋಮಲ ಏಳಲೂ ಇಲ್ಲ. ಆಶಾರಾಣಿ ಎದುರಿನ ಸ್ಟೂಲಿನ ಮೇಲೆ ಕುಳಿತಳು.

"ಮಂಗಳವಾರ ನೀನೇ ಗ್ರಾಫ್ ತರಬಹುದಿತ್ತಲ್ಲ. ಭಾನುವಾರ ಅವನು ಯಾಕೆ ಬರಬೇಕಿತ್ತು?"

"ತರ್ಬೋದಿತ್ತು." ಕೋಮಲ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಬಹುಶಃ ಎದುರಿಗಿರುವ ಮುಖ ಕಾಣದಿರಲಿ ಎಂದು. "ಅವ್ವ ಕೊಡಾಕೆ ಒಪ್ತಾ ಇಲ್ಲ, ನೀವೇ ಬಂದು ಒಂದ್ ಮಾತು ಕೇಳಿ ಅಂತ ಫೋನ್ ಮಾಡ್ದೆ. ಸುಳ್ಳು. ಅವ್ವ ಅವತ್ತೇ ಒಪ್ಪಿದ್ಲು. ನಮ್ಮನೇಗೆ ಒಂದ್ಸಲ ಬರ್ಲಿ, ಕುಂತು ನಮ್ ಕೈಲಿ ಉಣ್ಲಿ ಅಂತ. ಅಣ್ಣ ಅಂತಾನೇ ಕರೀತಿದ್ದೆ ಅಕ್ಕಾ. ಬಾಯಲ್ಲಿ ಮಾತ್ರ."

"ಅವನಿಗೆ ಗೊತ್ತಿತ್ತಾ?"

"ಆ ಮನ್ಸಂಗೆ ಬಾಣ ಯಾವ್ ಸೈಜು, ತೆರೆ ಯಾವ್ ಬಣ್ಣ ಅದೊಂದೇ ಗೊತ್ತಿದ್ದದ್ದು. ನಂಗೆ ಮಾಡಿಕೊಟ್ಟ ಅಂತ ಕುದೀತೀರಲ್ಲ, ಒಂದ್ಸಲ ಒಬ್ರು ಕೈಯಿಲ್ದೋರು ಬಂದಿದ್ರು, ಕಾಲಲ್ಲಿ ಒತ್ತಾಕಾಯ್ತದಾ ಅಂತ ಮೂರ್ ದಿಸ ಅದ್ನೇ ಮಾಡ್ತಾ ಕುಂತಿದ್ರು. ನಾನು ಅದ್ಕೂ ಒಟ್ಟುರ್ಕಂಡಿವ್ನಿ."

"ಉಂಡನಾ?"

"ಆಂ?"

"ನಿಮ್ಮ ಮನೇಲಿ. ಉಂಡನಾ?"

"ಇಲ್ಲ. ಎಲೆ ಹಾಕಿದ್ದೆ. ಆಶಾ ಕಾಯ್ತಾ ಇರ್ತಾಳೆ, ನಾನ್ ಬರ್ದೆ ಉಣ್ಣಾಕಿಲ್ಲ ಅವ್ಳು ಅಂದ್ರು. ಒಂದ್ ಲೋಟ ನೀರ್ ಕುಡ್ದು ಎದ್ಬುಟ್ರು."

ಹೌದು, ಕಾದಿದ್ದಳು. ಮುದ್ದೆ ಆರಿ ಗಟ್ಟಿಯಾಗುವವರೆಗೆ.

ಈ ಮಾತು ಕೇಳಬೇಕೆಂದು ಹನ್ನೆರಡು ದಿನ ಒಳಗೇ ಬೆಂದವಳಿಗೆ, ಕೇಳಿದ ಮೇಲೆ ಮೊದಲು ಬಂದ ಯೋಚನೆ ಬೇರೆಯೇ ಆಗಿತ್ತು. ಉಣ್ಣಬೇಕಿತ್ತು. ಆ ಹುಡುಗಿ ಹಾಕಿದ ಎಲೆಯ ಮುಂದೆ ಅರ್ಧ ಗಂಟೆ ಕೂರಬೇಕಿತ್ತು. ಮಾಂಬಳ್ಳಿಯ ತಿರುವಿಗೆ ಅರ್ಧ ಗಂಟೆ ತಡವಾಗಿ ಬರಬೇಕಿತ್ತು. ಅವಳು ಬಡಿಸಲಿ, ಇವನು ಕೈ ನೆಕ್ಕಿಕೊಂಡು ಉಣ್ಣಲಿ, ಬೇಕಾದರೆ ಅಲ್ಲೇ ಜಗಲಿಯಲ್ಲಿ ಮಲಗಲಿ. ಆದರೆ ಅವನು ಹೆಂಡತಿಯ ಹೆಸರು ಹೇಳಿ ಎದ್ದು ಬಂದಿದ್ದ.

ಕೋಮಲಳೂ ಅದನ್ನೇ ಲೆಕ್ಕ ಹಾಕುತ್ತಿದ್ದಳೆಂಬುದು ಅವಳ ಬಾಗಿದ ತಲೆಯಲ್ಲೇ ತಿಳಿಯುತ್ತಿತ್ತು. "ನಾನ್ ಫೋನ್ ಮಾಡ್ದೆ ಇದ್ದಿದ್ರೆ" ಎಂದಳು. ಆಮೇಲೆ ಕನ್ನಡಕ ಹಾಕಿಕೊಂಡು, ಕಂಪ್ಯೂಟರ್ ಆರಿಸಿ, ಬಸ್ಸಿಗೆ ಹೊರಟಳು. ಈ ಸಲ ಗೋಡೆ ಹಿಡಿಯಲಿಲ್ಲ.

"ಅಪ್ಪನ ಗ್ರಾಫ್ ಎಲ್ಲಾರ ಸಿಕ್ಕುದ್ರೆ ಯೋಳಿ ಅಕ್ಕಾ" ಎಂದಳು ಮೆಟ್ಟಿಲಲ್ಲಿ ನಿಂತು. ಸಿಗುತ್ತದೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ.

ಶನಿವಾರ ಬೆಳಿಗ್ಗೆ ಆಶಾರಾಣಿ ಮಂಚದ ಕೆಳಗಿನಿಂದ ಚೀಲ ಎಳೆದಳು. ಸುರುಳಿ ಬಿಚ್ಚಿ, ದಿನಪತ್ರಿಕೆಯನ್ನು ತೆಗೆದಿಟ್ಟು, ಗ್ರಾಫ್ ಹಾಳೆಗಳನ್ನು ಒಂದು ಒಗೆದ ಟವೆಲಿನಲ್ಲಿ ಸುತ್ತಿದಳು. ಗುರುಬಸಮ್ಮ ಕೇಳಿದರು, "ಇವತ್ತೆಲ್ಗೆ?"

"ಯಳಂದೂರಿಗೆ. ಅವರು ಇಸ್ಕೊಂಡಿದ್ದ ಸಾಮಾನು ಇದೆ, ಕೊಟ್ಟು ಬರ್ತೀನಿ."

ಗುರುಬಸಮ್ಮ ಯಾರಿಗೆ ಎಂದು ಕೇಳಲಿಲ್ಲ. "ಬಸ್ನಲ್ಲಿ ಬಲಗಡೆ ಕುಂತ್ಕೊಬ್ಯಾಡ" ಎಂದರು. ಮಗ ಬಿದ್ದ ತಿರುವು ಬಲಗಡೆ ಇತ್ತು.

ಅವಳು ಬಲಗಡೆಯೇ ಕುಳಿತಳು. ತಿರುವು ಬಂತು. ಒಂದು ಹುಣಸೆಮರ, ಒಂದು ಕಲ್ಲು, ಹೊಸದಾಗಿ ಚಿಗುರಿದ ಹುಲ್ಲು. ಬಸ್ಸು ನಿಧಾನ ಮಾಡಲಿಲ್ಲ.

ಯಳಂದೂರಿನಲ್ಲಿ ಎರಡು ಕಡೆ ವಿಚಾರಿಸಿದ ಮೇಲೆ ಮನೆ ಸಿಕ್ಕಿತು. ಕೋಮಲ ಹೊರಜಗಲಿಯಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದಳು. ಹೆಜ್ಜೆ ಸದ್ದಿಗೆ ತಲೆ ಎತ್ತಿ, ಬಿಸಿಲಿಗೆ ಕೈ ಅಡ್ಡ ಹಿಡಿದು, ಯಾರೆಂದು ಹುಡುಕಿದಳು. ಆಶಾರಾಣಿ ಹೆಸರು ಹೇಳದೆ ಹತ್ತಿರ ಹೋಗಿ ಟವೆಲು ಬಿಚ್ಚಿ ಹಾಳೆಗಳನ್ನು ಅವಳ ಎರಡೂ ಕೈಗೆ ಕೊಟ್ಟಳು.

ಕೋಮಲ ಸೊಪ್ಪಿನ ಒದ್ದೆ ಕೈಯನ್ನು ಗಾಬರಿಯಿಂದ ಸೀರೆಗೆ ಒರೆಸಿಕೊಂಡು ಅವನ್ನು ಹಿಡಿದಳು. ಬೆರಳಿನಿಂದ ಅಂಚು ತಡವಿದಳು. "ಎಲ್ಲ ಅವಾ?"

"ಹದಿನಾಲ್ಕು ಹಾಳೆ. ನೋಡ್ಕೊ."

"ನಿಮ್ ಹತ್ರಾನೇ ಇತ್ತಾ ಅಕ್ಕಾ?"

"ಇತ್ತು."

ಕೋಮಲ ಹಾಳೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ಕೇಳಿದಳು: "ಮ್ಯಾಲೊಂದು ಪೇಪರ್ ಸುತ್ತಿದ್ರಲ್ಲ ಶಿವಣ್ಣ? ಇಲ್ಲೇ ಕುಂತು, ಮಳೆ ಬಂದ್ರೆ ನೆನ್ದೋಯ್ತದೆ ಅಂತ ಸುತ್ತಿದ್ರು."

"ಅದು ಅವನು ಸುತ್ತಿದ್ದು" ಎಂದಳು ಆಶಾರಾಣಿ. "ಅದನ್ನ ಕೊಡಲ್ಲ."